ಮುತ್ತು ಹರಿದವರು

ಪ್ರಶ್ನೆ: ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧವೂ ಹೆಣ್ಣುಮಕ್ಕಳ ಹಕ್ಕಿಗಾಗಿಯೂ ಹೋರಾಡಿದ ಸೋಜರ್ನರ್ ಟ್ರೂತ್ ಬಗ್ಗೆ ಓದಿದೆ. ನಮ್ಮ ಗೋಕಾಕ, ಹುಕ್ಕೇರಿ ಕಡೆ ಅಂಥವರು ಯಾರಾದರೂ ಇದ್ದರೇ?
– ಓದುಗರು, ಮೂಡಲಗಿ

ಇದ್ದರೇ ಎಂದೇಕೆ ಕೇಳುತ್ತೀರಿ, ನಿಮ್ಮ ಮಗ್ಗುಲಲ್ಲೇ ಇದ್ದಾರೆ. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರು.

ಊರು ಚಿಕ್ಕೋಡಿ ತಾಲ್ಲೂಕಿನ ಕಬ್ಬೂರು. ಏಳು ವರ್ಷಕ್ಕೇ ಅವರಿಗೆ ಮುತ್ತು ಕಟ್ಟಿದರು. ಮುತ್ತು ಅಂದರೆ ಕೆಂಪು-ಬಿಳಿ ಮಣಿಯ ಸರ. ಅದು ಕೊರಳಿಗೆ ಬಿದ್ದ ಹುಡುಗಿ ಸವದತ್ತಿ ಎಲ್ಲಮ್ಮನ ಪಾಲು, ಅಂದರೆ ದೇವದಾಸಿ. ಅವಳಿಗೆ ಮದುವೆಯಿಲ್ಲ, ಹುಟ್ಟಿದ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ನಮ್ಮ ಕಡೆ ಇದಕ್ಕೆ ‘ದೇವರಿಗೆ ಬಿಡುವುದು’ ಅನ್ನುತ್ತಾರೆ. ಕಟ್ಟಿಹಾಕುವುದಕ್ಕೆ ‘ಬಿಡುವುದು’ ಎಂಬ ಮಾತು! ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾನೂನು ಇರಲಿಲ್ಲವೇ? ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಒಂದು ಬಂತು. 1982ರಲ್ಲಿ ಕರ್ನಾಟಕ ಇನ್ನೊಂದು ತಂದಿತು. ಮುತ್ತು ಕಟ್ಟಿಸಿದ ಹೆತ್ತವರಿಗೂ ಜೈಲು, ದೇವದಾಸಿ ಮದುವೆಯಾದರೆ ಆ ಮದುವೆ ಸಿಂಧು ಎಂದಿತು. ಆದರೆ ಮಗಳ ತಲೆಗೂದಲು ಗಂಟುಗಟ್ಟಿ ಜಡೆಯಾದರೆ ‘ಅವ್ವ ಕರೆದಳು’ ಎಂದು ಹೆದರುವ ಮನೆಯೊಳಗೆ ಕಾಯ್ದೆ ಹೇಗೆ ಹೊಕ್ಕೀತು? ಎಣ್ಣೆ-ನೀರು ಕಾಣದ ಕೂದಲಿಗೆ ಭಂಡಾರ ಮೆತ್ತಿ ಮೆತ್ತಿ ಜಡೆಯಾಗಿದೆ, ಕತ್ತರಿಸಿದರೆ ದೇವಿ ಮುನಿಯುವುದಿಲ್ಲ ಎಂದು ಪೊಲೀಸರು ಹೇಳಿದರೆ ಯಾರೂ ನಂಬರು. ಅದೇ ಮಾತನ್ನು ಮುತ್ತು ಕಟ್ಟಿಸಿಕೊಂಡು, ಅದನ್ನು ಹರಿದು ಬದುಕಿರುವ ಹೆಂಗಸು ಎದುರು ಕೂತು ಹೇಳಿದರೆ ತಾಯಿ ಕೇಳುತ್ತಾಳೆ. ಸಂಸ್ಥೆಯ ಬಲವೆಲ್ಲ ಇದೇ. ನಡೆಸುವವರೂ ಆ ಬಾಳು ಬಾಳಿದವರೇ. ಸಂಘ ಕಟ್ಟಿ ಉಳಿತಾಯ, ಮಕ್ಕಳಿಗೆ ಶಾಲೆ, ಹೊಸದಾಗಿ ಮುತ್ತು ಕಟ್ಟದಂತೆ ಕಾವಲು, ಎಲ್ಲವೂ ಅವರಿಂದಲೇ.

ಟ್ರೂತ್ ಕೂಡ ಹಾಗೆಯೇ ಅಲ್ಲವೇ? ಸ್ವತಃ ಗುಲಾಮಳಾಗಿ ಹುಟ್ಟಿದವರು. 1851ರಲ್ಲಿ ಆಕ್ರನ್ ಊರಿನ ಮಹಿಳಾ ಸಮ್ಮೇಳನದಲ್ಲಿ ಎದ್ದು ನಿಂತು ಮಾತನಾಡಿದಾಗ ಅವರ ಬಾಳೇ ಸಾಕ್ಷಿಯಾಗಿತ್ತು.

2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು. ನೀವು ಘಟಪ್ರಭಾಕ್ಕೆ ಹೋಗಿ ಆ ಹೆಣ್ಣುಮಕ್ಕಳನ್ನು ಕಂಡರೆ, ‘ಮಾಜಿ ದೇವದಾಸಿ’ ಎಂದು ಮಾತು ತೆಗೆಯಬೇಡಿ. ಹೆಸರು ಕೇಳಿ, ‘ಅವ್ವಾ’ ಎಂದು ಕರೆಯಿರಿ.