ಪಿಚಕಾರಿ ಬಂದ್ರೆ ಎಂಜಿನ್ ತಂಪಾಯ್ತು ಅಂತಲ್ಲ

ಕಳೆದ ಜುಲೈ ರಜೆಯಲ್ಲಿ ಗಂಗೊಳ್ಳಿಯ ಮಾವನ ಮನೆಗೆ ಹೋಗಿದ್ದೆ. ಮಾವನದು ಸಣ್ಣ ನಾಡದೋಣಿ. ಅದರ ಹಿಂದೆ ಒಂದು ಹಳೇ ಔಟ್‌ಬೋರ್ಡ್ ಎಂಜಿನ್. ಟೂ ಸ್ಟ್ರೋಕ್, 10 ಎಚ್‌ಪಿ ಒಳಗಿನದು, ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡತ್ತೆ. ವಯಸ್ಸಲ್ಲಿ ನನಗಿಂತ ದೊಡ್ಡದು.

ಕರಾವಳಿಯವರಲ್ಲದ ಗೆಳೆಯರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯೋ ಹಾಗಿಲ್ಲ. 10 ಎಚ್‌ಪಿವರೆಗಿನ ಎಂಜಿನ್ ಇರೋ ನಾಡದೋಣಿಗಳಿಗೆ ವಿನಾಯಿತಿ ಇದೆ. ಹಾಗಾಗಿ ಮಾವನಿಗೆ ಈ ಎರಡು ತಿಂಗಳ ಒಂದೊಂದು ದಿನಕ್ಕೂ ಬೆಲೆ ಇದೆ. ಸರಿಯಾಗಿ ಅದೇ ಹೊತ್ತಿಗೆ ಎಂಜಿನ್ ಕೈ ಕೊಡ್ತು.

"ನೀರ್ ಸಮ ಬತ್ತಿಲ್ಲೆ ಕಾಣ್" ಅಂದ್ರು ಮಾವ. ಎಂಜಿನ್ ಹಿಂಭಾಗದ ಸಣ್ಣ ತೂತಿನಿಂದ ಪಿಚಕಾರಿ ಥರ ಹಾರಬೇಕಾದ ನೀರು ತೊಟ್ಟಿಕ್ಕುತ್ತಾ ಇತ್ತು. ನಾನು ಮೆಕ್ಯಾನಿಕಲ್ ಅಲ್ವಾ, "ನಾನು ನೋಡ್ತೀನಿ ಮಾವ" ಅಂದುಬಿಟ್ಟೆ.

ನೀರು ಹೋಗೋ ದಾರಿ

ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ಹೊಳೆ, ಸಮುದ್ರವೇ ರೇಡಿಯೇಟರ್. ಪ್ರೊಪೆಲ್ಲರ್ ಇರೋ ಕೆಳಭಾಗದಲ್ಲಿ ಜಾಲರಿಯಂಥ ಕಿಂಡಿ ಇರತ್ತೆ. ನೀರು ಅಲ್ಲಿಂದ ಒಳಗೆ ಹೋಗತ್ತೆ. ಅದರ ಮೇಲೆ, ಡ್ರೈವ್ ಶಾಫ್ಟಿಗೇ ಕೂರಿಸಿದ ಪಂಪ್. ಪಂಪ್‌ನಿಂದ ಉದ್ದದ ಪೈಪ್ ಮೂಲಕ ನೀರು ಮೇಲಿನ ಎಂಜಿನ್ ಬ್ಲಾಕಿಗೆ ಏರತ್ತೆ. ಸಿಲಿಂಡರ್ ಸುತ್ತ ಓಡಾಡಿ, ಥರ್ಮೋಸ್ಟಾಟ್ ದಾಟಿ, ಎಕ್ಸಾಸ್ಟ್ ಜೊತೆ ಕೆಳಗೆ ಹೊರಗೆ ಹೋಗತ್ತೆ. ನಮಗೆ ಕಾಣೋ ಪಿಚಕಾರಿ ಈ ದಾರಿಯಿಂದ ಕವಲೊಡೆದ ಒಂದು ಸಣ್ಣ ಪಾಲು ಅಷ್ಟೇ. ಇದನ್ನ ಟೆಲ್‌ಟೇಲ್ ಅಂತಾರೆ.

ಪಂಪ್ ಒಳಗಿರೋದು ರಬ್ಬರ್ ಇಂಪೆಲ್ಲರ್. ಅದು ಕೂರೋ ಬಟ್ಟಲಿನ ಮಧ್ಯದಲ್ಲಿ ಶಾಫ್ಟ್ ಇಲ್ಲ, ಸ್ವಲ್ಪ ಒಂದು ಬದಿಗೆ ಸರಿದಿದೆ. ಹಾಗಾಗಿ ಒಂದು ಕಡೆ ರೆಕ್ಕೆಗಳು ಬಾಗುತ್ತವೆ, ಇನ್ನೊಂದು ಕಡೆ ನೆಟ್ಟಗಾಗುತ್ತವೆ. ನೆಟ್ಟಗಾದಾಗ ಜಾಗ ದೊಡ್ಡದಾಗಿ ನೀರು ಒಳಗೆ ಎಳೆಯತ್ತೆ, ಬಾಗಿದಾಗ ಹೊರಗೆ ತಳ್ಳತ್ತೆ. ಸ್ಪೀಡ್ ಜಾಸ್ತಿಯಾದಾಗ ರೆಕ್ಕೆಗಳು ಗೋಡೆ ಬಿಟ್ಟು ಒಳಗೆ ಮಡಚಿಕೊಳ್ಳುತ್ತವೆ, ಆಗ ಅದು ಸೆಂಟ್ರಿಫ್ಯೂಗಲ್ ಪಂಪ್ ಥರ ಕೆಲಸ ಮಾಡತ್ತೆ. ಒಂದೇ ಪಂಪ್, ಎರಡು ಥರದ ಕೆಲಸ! ಇದರಿಂದ ಒಂದು ಸುಳಿವು ಸಿಗತ್ತೆ: ಐಡ್ಲಿಂಗಲ್ಲಿ ನೀರು ಕಮ್ಮಿ, ಥ್ರಾಟಲ್ ಕೊಟ್ಟಾಗ ಜೋರು ಅಂತಾದ್ರೆ ಮೊದಲ ಅನುಮಾನ ಸವೆದ ಇಂಪೆಲ್ಲರ್ ಮೇಲೆ.

ಎಷ್ಟು ನೀರು ಬೇಕು?

ಒಂದು ಅಂದಾಜು ಲೆಕ್ಕ ಹಾಕೋಣ. 10 ಎಚ್‌ಪಿ ಅಂದ್ರೆ ಸುಮಾರು 7.5 ಕಿಲೋವ್ಯಾಟ್. ಅಷ್ಟೇ ಶಾಖ ತಣ್ಣೀರಿಗೆ ಹೋಗತ್ತೆ ಅಂತ ಇಟ್ಕೊಳ್ಳಿ. ನೀರು 28 ಡಿಗ್ರಿಯಲ್ಲಿ ಒಳಗೆ ಬಂದು 58 ಡಿಗ್ರಿಯಲ್ಲಿ ಹೊರಗೆ ಹೋದ್ರೆ ಡೆಲ್ಟಾ ಟಿ 30. ಸಮುದ್ರದ ನೀರಿನ ಸ್ಪೆಸಿಫಿಕ್ ಹೀಟ್ ಸುಮಾರು 4 ಕಿಲೋಜೂಲ್. 7.5 ಅನ್ನ 120ರಿಂದ ಭಾಗಿಸಿದ್ರೆ ಸೆಕೆಂಡಿಗೆ 0.0625 ಕೆಜಿ, ಅಂದ್ರೆ ನಿಮಿಷಕ್ಕೆ ಹೆಚ್ಚುಕಮ್ಮಿ 4 ಲೀಟರ್. ನೀರು ಅರ್ಧಕ್ಕೆ ಇಳಿದ್ರೆ ಡೆಲ್ಟಾ ಟಿ ಡಬಲ್ ಆಗಿ 60 ಆಗತ್ತೆ, ಹೊರಬರೋ ನೀರು 88 ಡಿಗ್ರಿ. ಟೂ ಸ್ಟ್ರೋಕ್ ಎಂಜಿನ್ ಅತಿಯಾಗಿ ಬಿಸಿಯಾದ್ರೆ ಪಿಸ್ಟನ್ ಹಿಗ್ಗಿ ಸಿಲಿಂಡರಲ್ಲಿ ಕಚ್ಚಿಕೊಳ್ಳತ್ತೆ. ಅಲ್ಲಿಗೆ ಕಥೆ ಮುಗೀತು.

ಹುಡುಕೋ ಕ್ರಮ

ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಬೇಕು. ಕೆಳಗೆ ಕೈ ಹಾಕೋ ಮೊದಲು ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ.

1. ಟೆಲ್‌ಟೇಲ್ ತೂತು: ಉಪ್ಪು, ಮಣ್ಣು ಕಟ್ಟಿರಬಹುದು. ಸಣ್ಣ ತಂತಿ ಹಾಕಿ ನೋಡಿ. ಎಷ್ಟೋ ಸಲ ಇಲ್ಲಿಗೇ ಮುಗಿಯತ್ತೆ.

2. ಕೆಳಗಿನ ಕಿಂಡಿ: ಪ್ಲಾಸ್ಟಿಕ್ ಚೀಲ, ಬಲೆಯ ಎಳೆ, ಪಾಚಿ ಸಿಕ್ಕಿದೆಯಾ ನೋಡಿ.

3. ಇಂಪೆಲ್ಲರ್: ಗೇರ್ ರಾಡ್ ಬಿಡಿಸಿ, ಬೋಲ್ಟ್ ಬಿಚ್ಚಿ ಕೆಳಭಾಗ ಇಳಿಸಬೇಕು. ರೆಕ್ಕೆ ಹರಿದಿದೆಯಾ, ಗಟ್ಟಿಯಾಗಿದೆಯಾ, ಬಾಗಿದ ಹಾಗೇ ಉಳಿದಿದೆಯಾ ನೋಡಿ. ಬಟ್ಟಲಿನ ಒಳಮೈ, ಕೆಳಗಿನ ತಟ್ಟೆ, ಶಾಫ್ಟಿನ ಸಣ್ಣ ಕೀ ಕೂಡ ನೋಡಿ. ಹೊಸದನ್ನ ಸೋಪಿನ ನೀರು ಹಚ್ಚಿ, ಶಾಫ್ಟ್ ತಿರುಗೋ ದಿಕ್ಕಿಗೇ ತಿರುಗಿಸ್ತಾ ಕೂರಿಸಬೇಕು.

4. ಪೈಪ್: ಪಂಪಿಗೆ ಸೇರೋ ಕಡೆ ರಬ್ಬರ್ ಸೀಲ್ ಸರಿಯಾಗಿ ಕೂತಿದೆಯಾ ನೋಡಿ.

5. ಥರ್ಮೋಸ್ಟಾಟ್: ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ, ಯಾವಾಗ ತೆರೆಯತ್ತೆ ನೋಡಿ. ಕಾರಲ್ಲಿ ಇದು 80-90 ಡಿಗ್ರಿ ಇದ್ರೆ ಔಟ್‌ಬೋರ್ಡಲ್ಲಿ ಸಾಮಾನ್ಯವಾಗಿ 50-60 ಡಿಗ್ರಿ ಸುತ್ತ. ಉಪ್ಪುನೀರು ಜಾಸ್ತಿ ಕಾದ್ರೆ ಲವಣ ಗೋಡೆಗೆ ಗಟ್ಟಿಯಾಗಿ ಅಂಟತ್ತೆ, ಅದಕ್ಕೇ ಕಮ್ಮಿ ಇಟ್ಟಿರ್ತಾರೆ.

ನನ್ನ ತಪ್ಪು

ನಾನು 1 ಮತ್ತು 2 ನೋಡಿ 3ಕ್ಕೆ ಬಂದೆ. ತುಕ್ಕು ಹಿಡಿದ ಬೋಲ್ಟ್ ಬಿಚ್ಚೋಕೆ ಅರ್ಧ ದಿನ ಹೋಯ್ತು. ತೆಗೆದು ನೋಡಿದ್ರೆ ಇಂಪೆಲ್ಲರಿನ ಆರು ರೆಕ್ಕೆಗಳಲ್ಲಿ ಎರಡು ಅರ್ಧಕ್ಕೇ ತುಂಡಾಗಿದ್ದವು. ಅಳಿವೆಯ ಮರಳು ನೀರಲ್ಲಿ ಓಡೋ ಎಂಜಿನ್, ರಬ್ಬರ್ ಎಷ್ಟು ದಿನ ತಡೆಯತ್ತೆ? ಹೊಸದು ಹಾಕಿ, ಡ್ರಮ್ಮಲ್ಲಿ ಪಂಪ್ ಮುಳುಗೋವಷ್ಟು ನೀರು ತುಂಬಿ ಸ್ಟಾರ್ಟ್ ಮಾಡಿದೆ. ಪಿಚಕಾರಿ ಜೋರಾಗಿ ಬಂತು! ಎರಡು ನಿಮಿಷ ಓಡಿಸಿ ಆಫ್ ಮಾಡಿದೆ.

ಮಾವ ಹಳೇ ಇಂಪೆಲ್ಲರ್ ಕೈಯಲ್ಲಿ ಹಿಡ್ಕೊಂಡು ಕೇಳಿದ್ರು: "ಇದ್ರ ತುಂಡ್ ಎಲ್ಲಿಗ್ ಹೋಯ್ತ್?"

"ನೀರಿನ ಜೊತೆ ಹೊರಗೆ ಹೋಗಿರತ್ತೆ ಮಾವ" ಅಂದೆ. ಅವರು ಮತ್ತೆ ಕೇಳಲಿಲ್ಲ. ಓದಿದ ಹುಡುಗ ಅಲ್ವಾ ನಾನು.

ಮರುದಿನ ಬೆಳಿಗ್ಗೆ ಮಾವನ ಜೊತೆ ನಾನೂ ದೋಣಿ ಹತ್ತಿದೆ. ಅಳಿವೆ ಹತ್ತಿರ ಬರುವಾಗ ಎಂಜಿನ್ ಸದ್ದು ಭಾರ ಆಯ್ತು, ಸುಟ್ಟ ವಾಸನೆ ಬಂತು. ಪಿಚಕಾರಿ ಮಾತ್ರ ಚೆನ್ನಾಗೇ ಬರ್ತಾ ಇತ್ತು! ಅದನ್ನ ನೋಡಿ ನಾನು ಏನೂ ಆಗಿಲ್ಲ ಅಂತಲೇ ಅಂದ್ಕೊಂಡೆ. ಮಾವ ಅದನ್ನ ನೋಡ್ತಾ ಕೂರಲಿಲ್ಲ, ತಕ್ಷಣ ಎಂಜಿನ್ ನಿಲ್ಲಿಸಿದ್ರು. ಮುಂದೆ ಅಳಿವೆಯ ತೆರೆ ಏಳ್ತಾ ಇರೋದು ಕಾಣ್ತಿತ್ತು. ಹುಟ್ಟು ಹಾಕ್ತಾ ಹಾಕ್ತಾ ದಡ ಸೇರಿದ್ವಿ. ದಾರಿಯುದ್ದಕ್ಕೂ ಮಾವ ಒಂದು ಮಾತೂ ಬೈಲಿಲ್ಲ, ಅದೇ ಜಾಸ್ತಿ ಕಷ್ಟ ಆಯ್ತು.

ಎಂಜಿನ್ ತಾನಾಗಿ ತಣಿಯೋವರೆಗೆ ಕಾದ್ವಿ. ಬಿಸಿ ಬ್ಲಾಕಿಗೆ ತಣ್ಣೀರು ಸುರಿಯಬಾರದು, ಬಿರುಕು ಬಿಡಬಹುದು. ಆಮೇಲೆ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿದೆ. ಎರಡೂ ರಬ್ಬರ್ ತುಂಡು ಅಲ್ಲೇ, ಥರ್ಮೋಸ್ಟಾಟಿನ ಬಾಯಿಗೆ ಸಿಕ್ಕಿ ಕೂತಿದ್ದವು.

ಈಗ ಲೆಕ್ಕ ಸರಿಹೋಯ್ತು. ತುಂಬಾ ಔಟ್‌ಬೋರ್ಡ್‌ಗಳಲ್ಲಿ ಇರೋ ಹಾಗೆ ಇದರಲ್ಲೂ ಟೆಲ್‌ಟೇಲ್ ನೀರು ಥರ್ಮೋಸ್ಟಾಟಿಗೆ ಮುಂಚೆಯೇ ಕವಲೊಡೆಯತ್ತೆ. ಪಂಪ್ ನೀರು ತಳ್ಳುತ್ತಿದೆ ಅಂತ ಮಾತ್ರ ಅದು ಹೇಳತ್ತೆ, ನೀರು ಬ್ಲಾಕ್ ದಾಟಿ ಹೊರಗೆ ಹೋಗ್ತಿದೆ ಅಂತಲ್ಲ. ನನ್ನ ಟೆಸ್ಟ್ ಕೂಡ ತಪ್ಪು. ಎರಡು ನಿಮಿಷದ ಐಡ್ಲಿಂಗಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗಿರಲಿಲ್ಲ, ಥರ್ಮೋಸ್ಟಾಟ್ ತೆರೆಯೋ ಸಮಯವೇ ಬಂದಿರಲಿಲ್ಲ. ತೆರೆಯದೇ ಇರೋ ಬಾಗಿಲ ಹಿಂದೆ ಏನು ಸಿಕ್ಕಿದೆ ಅಂತ ಹೇಗೆ ಗೊತ್ತಾಗತ್ತೆ?

ಎರಡನೇ ಸಲ ಹೀಗೆ ಮಾಡಿದ್ವಿ: ತುಂಡುಗಳನ್ನ ಹಳೇ ಇಂಪೆಲ್ಲರಿಗೆ ಜೋಡಿಸಿ, ಆರು ರೆಕ್ಕೆ ಪೂರ್ತಿ ಆಯ್ತಾ ಅಂತ ನೋಡಿದ್ವಿ. ಪೈಪಿಗೆ ಸಿಹಿನೀರು ಬಿಟ್ಟು ತೊಳೆದ್ವಿ. ಥರ್ಮೋಸ್ಟಾಟನ್ನ ಅತ್ತೆಯ ಹಳೇ ಪಾತ್ರೆಯಲ್ಲಿ ಕಾಯಿಸಿ ಪರೀಕ್ಷೆ ಮಾಡಿದ್ವಿ. ಹೊಸ ಗ್ಯಾಸ್ಕೆಟ್ ಹಾಕಿದ್ವಿ. ಡ್ರಮ್ಮಿನ ನೀರು ಆಗಾಗ ಬದಲಾಯಿಸ್ತಾ ಎಂಜಿನ್ ಬಿಸಿಯಾಗೋವರೆಗೆ ಓಡಿಸಿದ್ವಿ. ಥರ್ಮೋಸ್ಟಾಟ್ ತೆರೆದ ಮೇಲೂ ಬಿಸಿ ಏರ್ತಾ ಹೋಗ್ದೆ ಒಂದೇ ಮಟ್ಟದಲ್ಲಿ ನಿಲ್ತು.

ಪಿಸ್ಟನ್ ಕಚ್ಚಿರಲಿಲ್ಲ, ಅದು ಮಾವ ಬೇಗ ಆಫ್ ಮಾಡಿದ ಪುಣ್ಯ. ಆದ್ರೂ ನನ್ನಿಂದ ಅವರಿಗೆ ಎರಡು ದಿನದ ಮೀನುಗಾರಿಕೆ ಹೋಯ್ತು. ಲ್ಯಾಬಲ್ಲಿ ರೀಡಿಂಗ್ ತಪ್ಪಾದ್ರೆ ಹೆಚ್ಚೆಂದ್ರೆ ಒಂದೆರಡು ಮಾರ್ಕ್ಸ್ ಹೋಗತ್ತೆ. ಇಲ್ಲಿ ಹೋಗೋದು ಬೇರೆಯವರ ದುಡಿಮೆ.

ಆ ಹಳೇ ಇಂಪೆಲ್ಲರ್, ಎರಡು ತುಂಡುಗಳ ಸಮೇತ, ಈಗ ನನ್ನ ಹಾಸ್ಟೆಲ್ ಟೇಬಲ್ ಮೇಲಿದೆ. ಏನಾದ್ರೂ ರಿಪೇರಿ ಮಾಡಿ "ಆಯ್ತು" ಅನ್ನೋ ಮೊದಲು ಒಂದು ಸಲ ಅದನ್ನ ನೋಡ್ತೀನಿ. ಮುರಿದ ತುಂಡು ಎಲ್ಲಿ ಅಂತ ಗೊತ್ತಾಗೋವರೆಗೆ ರಿಪೇರಿ ಮುಗಿದಿಲ್ಲ.