ಮೇಜಿನ ಮೇಲಿನ ಭದ್ರಾವತಿ

ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿ ಅಡಕೆ ತೋಟಗಳ ಊರು. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಗೆ ಅನತಿ ದೂರದಲ್ಲಿ, ಕಾಡಿನ ಮಡಿಲಲ್ಲಿ ಅದು ನೆಲೆಸಿದೆ. ಇಲ್ಲಿಯ ಮಕ್ಕಳು ರೈಲನ್ನು ಕಾಣಬೇಕಾದರೆ ಘಟ್ಟವಿಳಿದು ಅಂಕೋಲೆಗೆ ಹೋಗಬೇಕು. ಇಲ್ಲವೇ ಬಯಲುಸೀಮೆಯ ಹುಬ್ಬಳ್ಳಿಗೆ ಹೋಗಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಪಟ್ಟಣಗಳಿಗೂ ರೈಲು ಬಂದಿಲ್ಲ. ಹುಬ್ಬಳ್ಳಿ-ಅಂಕೋಲ ಮಾರ್ಗದ ಮಾತು ದಶಕಗಳಿಂದ ನಡೆದಿದೆ. ರೈಲು ಬೇಕೆನ್ನುವವರೂ ಕಾಡು ಉಳಿಯಬೇಕೆನ್ನುವವರೂ ತಮ್ಮ ತಮ್ಮ ವಾದಗಳನ್ನು ಮುಂದಿಟ್ಟಿದ್ದಾರೆ. ಆದರೆ ಭಾರೀ ಕೈಗಾರಿಕೆಯ ಧೂಳು ಈ ಸೀಮೆಗೆ ಅಪರಿಚಿತವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಕಡೆಯ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಅರಬೈಲು ಘಟ್ಟವನ್ನಿಳಿದು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದವು. 2010ರಲ್ಲಿ ರಾಜ್ಯ ಸರ್ಕಾರವು ಬಂದರುಗಳ ಮೂಲಕ ಅದಿರು ರಫ್ತನ್ನು ನಿಷೇಧಿಸಿದ ಮೇಲೆ ಆ ಸಾಲು ನಿಂತಿತು.

ಅದಿರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಕಬ್ಬಿಣವಾಗುವುದು ಹೇಗೆ, ಅದಕ್ಕಾಗಿ ಯಾರು ಏನನ್ನು ಕೊಡುತ್ತಾರೆ ಎಂಬುದನ್ನು ಪುಸ್ತಕದಲ್ಲಿ ಓದಿ ತಿಳಿಯಬಹುದು. ಕೈಯಿಂದ ಮಾಡಿ ತಿಳಿಯುವ ಇನ್ನೊಂದು ದಾರಿಯೂ ಉಂಟು. ಅದು ಮಾದರಿ ರೈಲಿನ ರಚನೆ. ಮೇಜಿನ ಮೇಲೆ ಹಳಿ ಹಾಸಿ, ಬೆಟ್ಟ, ನದಿ, ಕಾರ್ಖಾನೆ, ಕಾರ್ಮಿಕರ ಮನೆಗಳನ್ನು ಕಟ್ಟಿ, ಸರಕು ಗಾಡಿಗಳನ್ನು ಓಡಿಸುವುದನ್ನು ಹಲವು ದೇಶಗಳಲ್ಲಿ ಹಿರಿಯರೂ ಕಿರಿಯರೂ ಹವ್ಯಾಸವಾಗಿ ಬೆಳೆಸಿಕೊಂಡಿದ್ದಾರೆ. ಇದನ್ನು ಬರಿಯ ಆಟವೆಂದು ತಳ್ಳಿಹಾಕುವಂತಿಲ್ಲ. ಭೂಗೋಳ, ಗಣಿತ, ಭೌತಶಾಸ್ತ್ರ, ಚರಿತ್ರೆ ಇವೆಲ್ಲವೂ ಇಲ್ಲಿ ಒಂದೇ ಮೇಜಿನ ಮೇಲೆ ಸೇರುತ್ತವೆ.

ಮಾದರಿಗೆ ಮೊದಲು ಬೇಕಾದುದು ವಸ್ತು. ಕನ್ನಡ ನಾಡಿನಲ್ಲಿ ಭದ್ರಾವತಿಗಿಂತ ಒಳ್ಳೆಯ ವಸ್ತು ದೊರೆಯುವುದು ಕಷ್ಟ. ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರು ಭದ್ರಾ ನದಿಯ ದಡದಲ್ಲಿದೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಮೀಟರ್ ಗೇಜ್ ರೈಲು ಬಂದಾಗ ಊರು ಹೊರಜಗತ್ತಿನೊಡನೆ ಕೂಡಿಕೊಂಡಿತು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತಲೂ ದಟ್ಟವಾದ ಕಾಡಿತ್ತು, ನೀರಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಮೈಸೂರು ಸಂಸ್ಥಾನವು ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿಸಿತು. 1923ರ ಜನವರಿಯಲ್ಲಿ ಕುಲುಮೆ ಉರಿಯತೊಡಗಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರು.

ಈ ಕಾರ್ಖಾನೆಯ ವೈಶಿಷ್ಟ್ಯವೊಂದನ್ನು ಗಮನಿಸಬೇಕು. ಜಮ್‌ಷೆಡ್‌ಪುರದ ಸಮೀಪದಲ್ಲಿ ಕಲ್ಲಿದ್ದಲ ಗಣಿಗಳಿದ್ದವು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಇಲ್ಲಿ ಮರದ ಇದ್ದಿಲನ್ನೇ ಬಳಸಿದರು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಗಾಳಿಯಾಡದಂತೆ ಕಾಯಿಸಿದಾಗ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯಿಂದ ಟಾರು, ಮರದ ಮದ್ಯಸಾರ ಮೊದಲಾದ ಉಪವಸ್ತುಗಳು ದೊರೆಯುತ್ತವೆ. ಅದಿರು, ಇದ್ದಿಲು, ಸುಣ್ಣಕಲ್ಲು ಈ ಮೂರನ್ನು ಊದುಕುಲುಮೆಯ ಬಾಯಿಂದ ಸುರಿದು, ಕೆಳಗಿನಿಂದ ಬಿಸಿಗಾಳಿಯನ್ನು ಊದುತ್ತಾರೆ. ಇದ್ದಿಲು ಉರಿದು ಶಾಖವನ್ನು ಕೊಡುವುದಲ್ಲದೆ ಅದಿರಿನಲ್ಲಿರುವ ಆಮ್ಲಜನಕವನ್ನೂ ಸೆಳೆದುಕೊಳ್ಳುತ್ತದೆ. ಸುಣ್ಣಕಲ್ಲು ಅದಿರಿನ ಕಲ್ಮಷದೊಡನೆ ಬೆರೆತು ಕಿಟ್ಟವಾಗಿ ತೇಲುತ್ತದೆ. ಕರಗಿದ ಬೀಡು ಕಬ್ಬಿಣವು ತಳದಲ್ಲಿ ನಿಲ್ಲುತ್ತದೆ. ಮುಂದೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಸಿದ್ದಾಪುರ ತಾಲ್ಲೂಕಿನ ಎಲ್ಲೆಯಲ್ಲಿರುವ ಜೋಗದ ನೀರು 1948ರಿಂದ ವಿದ್ಯುತ್ತಾಗಿ ಹರಿಯತೊಡಗಿದ್ದುದು ಇಂತಹ ಬದಲಾವಣೆಗೆ ದಾರಿ ಮಾಡಿಕೊಟ್ಟಿತು.

ವಸ್ತು ಗೊತ್ತಾದ ಮೇಲೆ ಅಳತೆಯ ವಿಚಾರ. ಮಾದರಿ ರೈಲಿನಲ್ಲಿ ಬಹಳವಾಗಿ ಬಳಕೆಯಲ್ಲಿರುವುದು 87ರಲ್ಲಿ ಒಂದು ಎಂಬ ಪ್ರಮಾಣ. ಯೂರೋಪು, ಅಮೆರಿಕಗಳ 1435 ಮಿಲಿಮೀಟರ್ ಅಗಲದ ಹಳಿ ಈ ಪ್ರಮಾಣದಲ್ಲಿ 16.5 ಮಿಲಿಮೀಟರ್ ಆಗುತ್ತದೆ. ನಮ್ಮ ಮೀಟರ್ ಗೇಜ್ ಸುಮಾರು 11.5 ಮಿಲಿಮೀಟರ್, ಗಣಿಯ ಎರಡಡಿ ಅಗಲದ ಟ್ರಾಲಿ ಹಳಿ ಏಳೇ ಮಿಲಿಮೀಟರ್. ಐದೂವರೆ ಅಡಿ ಎತ್ತರದ ಮನುಷ್ಯನು ಎರಡು ಸೆಂಟಿಮೀಟರಿಗಿಂತ ಕಡಿಮೆ. 26 ಮೀಟರ್ ಎತ್ತರದ ಹೊಗೆಗೊಳವೆ ಒಂದಡಿಯ ಅಳತೆಪಟ್ಟಿಯಷ್ಟು.

ಆದರೆ ಇದೇ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ ಹನ್ನೊಂದೂವರೆ ಮೀಟರ್ ಉದ್ದದ ಮೇಜು ಬೇಕು. ಯಾವ ಶಾಲೆಯ ಕೊಠಡಿಯಲ್ಲೂ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯವರೆಗಿನ ದಾರಿ ಹಿಡಿಸದು. ಆದುದರಿಂದ ದೂರವನ್ನು ಕುಗ್ಗಿಸಲೇಬೇಕು. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂಬ ವಿವೇಚನೆಯೇ ಈ ವಿದ್ಯೆಯ ತಿರುಳು. ಮೇಜಿನ ಒಂದು ತುದಿಯಲ್ಲಿ ಗಣಿಯ ಬೆಟ್ಟ, ನಡುವೆ ಕಾಡು, ಇನ್ನೊಂದು ತುದಿಯಲ್ಲಿ ಕುಲುಮೆ, ನದಿ, ರೈಲು ನಿಲ್ದಾಣ, ಕಾರ್ಮಿಕರ ಮನೆಗಳು ಇರಲಿ. ಇಷ್ಟಿದ್ದರೆ ಕಥೆ ಪೂರ್ಣವಾಗುತ್ತದೆ.

ಹಳಿಯ ತಿರುವು ಮತ್ತು ಏರುಗಳಲ್ಲಿ ಪ್ರಕೃತಿಯ ನಿಯಮವನ್ನು ಮೀರುವಂತಿಲ್ಲ. ತಿರುವಿನ ತ್ರಿಜ್ಯ 45 ಸೆಂಟಿಮೀಟರ್ ಎಂದುಕೊಂಡರೆ ರೈಲು ಪೂರ್ತಿಯಾಗಿ ತಿರುಗಿ ಬರಲು ಒಂದು ಮೀಟರ್ ಅಗಲದ ಹಲಗೆಯಾದರೂ ಬೇಕು. ನೂರು ಸೆಂಟಿಮೀಟರ್ ಮುಂದೆ ಹೋಗುವಾಗ ಮೂರು ಸೆಂಟಿಮೀಟರಿಗಿಂತ ಹೆಚ್ಚು ಏರಿಸಿದರೆ ಪುಟ್ಟ ಇಂಜಿನ್ನು ಏದುಸಿರು ಬಿಡುತ್ತದೆ. ನಮ್ಮ ಜಿಲ್ಲೆಯ ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಗೆ ಇಳಿಯುವ ಘಟ್ಟದ ಮಾರ್ಗವು 37ರಲ್ಲಿ ಒಂದರಂತೆ ಏರುತ್ತದೆ. ಅಲ್ಲಿ ನಿಜವಾದ ರೈಲುಗಳಿಗೂ ಹೆಚ್ಚಿನ ಇಂಜಿನ್ನುಗಳ ನೆರವು ಬೇಕಾಗುತ್ತದೆ. ಮಾದರಿಯ ಇಂಜಿನ್ನಿಗೆ ಎರಡು ಹಳಿಗಳ ಮೂಲಕವೇ 12 ವೋಲ್ಟಿನ ನೇರ ವಿದ್ಯುತ್ತು ಹರಿಯುತ್ತದೆ. ಧನ ಮತ್ತು ಋಣ ತುದಿಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಚಲಿಸುತ್ತದೆ.

ಇಂಜಿನ್ನು, ಹಳಿಗಳನ್ನು ಮಾತ್ರ ಕೊಂಡರೆ ಸಾಕು. ಉಳಿದುದಕ್ಕೆ ಮಲೆನಾಡಿನ ಮನೆಯಂಗಳವೇ ಭಂಡಾರ. ಅಡಕೆ ದಬ್ಬೆಯಿಂದ ಮೇಜಿನ ಚೌಕಟ್ಟಾಗುತ್ತದೆ. ಬಿದಿರಿನ ಸೀಳುಗಳಿಂದ ಸೇತುವೆ ಕಟ್ಟಬಹುದು. ಹಾಳೆಯನ್ನು ನೆನೆಸಿ ಬಾಗಿಸಿದರೆ ಬೆಟ್ಟದ ಮೈ. ಒಣಗಿದ ಪಾಚಿಯನ್ನು ಕಡ್ಡಿಗೆ ಅಂಟಿಸಿದರೆ ಮರ. ಕೆಂಪು ಕಲ್ಲಿನ ಪುಡಿಯನ್ನು ಜರಡಿ ಹಿಡಿದರೆ ಅದಿರು. ಬಚ್ಚಲೊಲೆಯ ಇದ್ದಿಲನ್ನು ಕುಟ್ಟಿದರೆ ಗಾಡಿಗೆ ತುಂಬುವ ಇದ್ದಿಲು. ಮಳೆಗಾಲದ ಎಚ್ಚರಿಕೆಯೊಂದಿದೆ. ತಿಂಗಳುಗಟ್ಟಲೆ ಸುರಿಯುವ ಮಳೆಯ ತೇವಕ್ಕೆ ಹಲಗೆ ಉಬ್ಬಿ ಹಳಿಯ ಕೀಲು ಬಿಡುತ್ತದೆ. ಆದುದರಿಂದ ಹಲಗೆಯ ಎರಡೂ ಮೈಗೆ ಬಣ್ಣ ಬಳಿಯಬೇಕು. ಓಡಿಸುವ ಮೊದಲು ಹಳಿಯನ್ನು ಒಣಬಟ್ಟೆಯಿಂದ ಒರೆಸಬೇಕು.

ರೈಲು ಸುಮ್ಮನೆ ಸುತ್ತುತ್ತಿದ್ದರೆ ಅದು ಜಾತ್ರೆಯ ಆಟಿಕೆ. ಕೈಗಾರಿಕೆಯ ರೈಲಿಗೆ ಕೆಲಸವಿರಬೇಕು. ಗಣಿಯಿಂದ ತುಂಬಿದ ಗಾಡಿಗಳು ಬರಬೇಕು, ಬರಿದಾದುವು ಮರಳಬೇಕು. ಸೌದೆಯ ಗಾಡಿ ಭಟ್ಟಿಯ ಮನೆಯ ಹಳಿಗೂ, ಸುಣ್ಣಕಲ್ಲಿನ ಗಾಡಿ ಕುಲುಮೆಯ ಹಳಿಗೂ ತಿರುಗಬೇಕು. ಯಾವ ಗಾಡಿ, ಯಾವ ಹೊತ್ತಿಗೆ, ಎಷ್ಟು ಎಂಬುದನ್ನು ವಿದ್ಯಾರ್ಥಿಗಳು ಪಟ್ಟಿಮಾಡಿಕೊಂಡು ನಡೆಸಬೇಕು.

ಈ ಪಟ್ಟಿಯನ್ನು ಬರೆಯಲು ಕುಳಿತಾಗಲೇ ಮಾದರಿಯು ನಮಗೆ ದೊಡ್ಡ ಪಾಠವನ್ನು ಕಲಿಸತೊಡಗುತ್ತದೆ. ಒಂದು ಟನ್ನು ಬೀಡು ಕಬ್ಬಿಣಕ್ಕೆ ಒಂದೂವರೆ ಟನ್ನಿಗೂ ಹೆಚ್ಚು ಅದಿರು ಬೇಕು. ಇದ್ದಿಲು ಹತ್ತಿರ ಹತ್ತಿರ ಒಂದು ಟನ್ನು ಬೇಕು. ಒಂದು ಟನ್ನು ಇದ್ದಿಲಿಗೆ ನಾಲ್ಕು ಟನ್ನಿನಷ್ಟಾದರೂ ಸೌದೆ ಸುಡಬೇಕು. ಎಲ್ಲ ಗಾಡಿಗಳೂ ಒಂದೇ ತೂಕವನ್ನು ಹೊರುತ್ತವೆಂದು ಇಟ್ಟುಕೊಳ್ಳೋಣ. ಎರಡು ಗಾಡಿ ಕಬ್ಬಿಣ ಹೊರಗೆ ಹೋಗಬೇಕಾದರೆ ಮೂರು ನಾಲ್ಕು ಗಾಡಿ ಅದಿರೂ ಎಂಟು ಗಾಡಿ ಸೌದೆಯೂ ಒಳಗೆ ಬರಬೇಕಾಯಿತು! ಕಬ್ಬಿಣದ ಕಾರ್ಖಾನೆಯ ಮಾದರಿಯಲ್ಲಿ ಅತ್ಯಂತ ಉದ್ದವಾದ ರೈಲು ಕಬ್ಬಿಣದ್ದಲ್ಲ, ಅದಿರಿನದೂ ಅಲ್ಲ. ಅದು ಕಾಡಿನ ರೈಲು.

ಹಾಗಾದರೆ ಮೇಜಿನ ಮೇಲಿನ ಕಾಡನ್ನು ಹೇಗೆ ಮಾಡಬೇಕು? ಅಂದಕ್ಕಾಗಿ ಹಸುರು ಮರಗಳನ್ನಷ್ಟೇ ನೆಟ್ಟರೆ ಸೌದೆ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರವಿಲ್ಲದಂತಾಗುತ್ತದೆ. ಕಡಿದ ಮರದ ಬುಡಗಳನ್ನೂ ಬರಿದಾದ ಇಳಿಜಾರನ್ನೂ ಹೊಸದಾಗಿ ನೆಟ್ಟ ಸಸಿಗಳನ್ನೂ ತೋರಿಸಬೇಕು. ಹಾಗೆಂದು ಕುಲುಮೆಯನ್ನು ಕೇಡಿನ ಗೂಡಾಗಿ ಚಿತ್ರಿಸುವುದೂ ಸರಿಯಲ್ಲ. ಆ ಬೆಂಕಿಯಿಂದ ಸಾವಿರಾರು ಮನೆಗಳ ಒಲೆ ಉರಿದಿದೆ. ಕಲ್ಲಿದ್ದಲಿಲ್ಲದ ನಾಡೊಂದು ತನ್ನ ಬುದ್ಧಿಯಿಂದಲೇ ಕಬ್ಬಿಣವನ್ನು ಕರಗಿಸಿತೆಂಬ ಆತ್ಮವಿಶ್ವಾಸ ಅಲ್ಲಿ ಹುಟ್ಟಿತು. ಕಾರ್ಖಾನೆಗೆ ನೂರು ವರ್ಷ ತುಂಬಿದ 2023ರಲ್ಲಿಯೇ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಕೆಲವು ವಿಭಾಗಗಳು ಮತ್ತೆ ಕೆಲಸ ಆರಂಭಿಸಿದವು. ಕಾರ್ಮಿಕರ ಮನೆಗಳ ಸಾಲಿಲ್ಲದ ಮಾದರಿಯೂ ಕಾಡಿಲ್ಲದ ಮಾದರಿಯಷ್ಟೇ ಅಪೂರ್ಣ.

ಮಾದರಿಯೆಂದರೆ ಚಿಕ್ಕದಾಗಿಸಿದ ಸತ್ಯ. ಎಲ್ಲವನ್ನೂ ಚಿಕ್ಕದು ಮಾಡಬಹುದು. ಆದರೆ ಒಂದಕ್ಕೊಂದು ಇರುವ ಪ್ರಮಾಣವನ್ನು ಕೆಡಿಸಬಾರದು. ರೈಲು ಮಾರ್ಗ ಬೇಕೇ, ಗಣಿ ಬೇಕೇ, ಕಾರ್ಖಾನೆ ಬೇಕೇ ಎಂಬ ಪ್ರಶ್ನೆಗಳಿಗೆ ನಾಳೆ ಉತ್ತರ ಹೇಳಬೇಕಾದವರು ಇಂದಿನ ವಿದ್ಯಾರ್ಥಿಗಳು. ಒಳಗೆ ಬರುವ ಗಾಡಿಗಳನ್ನೂ ಹೊರಗೆ ಹೋಗುವ ಗಾಡಿಗಳನ್ನೂ ಎಣಿಸಲು ಬಲ್ಲವರ ಉತ್ತರಕ್ಕೆ ಬೆಲೆ ಹೆಚ್ಚು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಭದ್ರಾವತಿಯ ಹಿಂದಿನ ಹೆಸರೇನು?
2. ಮಾದರಿ ರೈಲನ್ನು ಹಿಂದಕ್ಕೆ ಚಲಿಸುವಂತೆ ಮಾಡುವುದು ಹೇಗೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಭದ್ರಾವತಿಯಲ್ಲಿ ಮರದ ಇದ್ದಿಲನ್ನು ಬಳಸಲು ಕಾರಣವೇನು?
2. ಊದುಕುಲುಮೆಯಲ್ಲಿ ಸುಣ್ಣಕಲ್ಲಿನ ಕೆಲಸವೇನು?

ಇ) ಸಂದರ್ಭದೊಡನೆ ವಿವರಿಸಿರಿ.
1. “ಅದು ಕಾಡಿನ ರೈಲು.”
2. “ಮಾದರಿಯೆಂದರೆ ಚಿಕ್ಕದಾಗಿಸಿದ ಸತ್ಯ.”

ಈ) ಮಾಡಿ ನೋಡಿರಿ.
ನಿಮ್ಮ ಊರಿನ ಅಕ್ಕಿ ಗಿರಣಿ, ಹೆಂಚಿನ ಕಾರ್ಖಾನೆ ಅಥವಾ ಆಲೆಮನೆಗೆ ಒಂದು ದಿನದಲ್ಲಿ ಒಳಗೆ ಬರುವ ಮತ್ತು ಹೊರಗೆ ಹೋಗುವ ವಸ್ತುಗಳನ್ನು ತೂಕದೊಡನೆ ಪಟ್ಟಿಮಾಡಿರಿ.