ಎರಡು ದಿನ ನೋಡೋಣ ಅನ್ನಬೇಡಿ

ಬೆಂಗಳೂರಿನ ಚಾಮರಾಜಪೇಟೆ, ಮಲ್ಲೇಶ್ವರದ ಓಣಿಗಳಲ್ಲಿ ಇನ್ನೂ ಹಸು ಕಟ್ಟಿಕೊಂಡಿರುವವರಿಗೆ ಒಂದು ಮಾತು. ಕೆಚ್ಚಲು ಕೆಂಪಾಗಿ ಬಿಗಿದಾಗ ಅರಿಶಿನ ಹಚ್ಚಿ ಎರಡು ದಿನ ನೋಡೋಣವೆಂದು ಸುಮ್ಮನಾಗುತ್ತೀರಲ್ಲ, ಎಡವುವುದು ಅಲ್ಲೇ. ಅಷ್ಟರಲ್ಲಿ ಆ ಮೊಲೆಯೇ ಬತ್ತಿಹೋಗಬಹುದು. ದಿನಾ ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ, ಕೊಟ್ಟಿಗೆಯ ನೆಲಕ್ಕಲ್ಲ. ಗರಣೆಯೋ ರಕ್ತದ ಎಳೆಯೋ ಕಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೇನು ದೂರವಿಲ್ಲ. ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಕೊನೆಗೆ ಕರೆಯಿರಿ. ಒಂದೇ ಒದ್ದೆ ಬಟ್ಟೆಯಲ್ಲಿ ಎಲ್ಲ ಹಸುಗಳ ಕೆಚ್ಚಲು ಒರೆಸುವುದೆಂದರೆ ರೋಗವನ್ನು ನೀವೇ ಹಂಚಿದ ಹಾಗೆ. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅದಕ್ಕೇ ಹಸು ತಕ್ಷಣ ಮಲಗದಂತೆ ಮುಂದೆ ಮೇವು ಹಾಕಿ. ಬಾವು ಇಳಿಯಿತೆಂದು ಇಂಜೆಕ್ಷನ್ ಅರ್ಧಕ್ಕೆ ನಿಲ್ಲಿಸಬೇಡಿ. ಔಷಧ ನಡೆಯುವಾಗಿನ ಹಾಲನ್ನು ಮಾರಬೇಡಿ, ಕರುವಿಗೂ ಕುಡಿಸಬೇಡಿ. ವೈದ್ಯರು ಹೇಳಿದ ದಿನದವರೆಗೆ ಚೆಲ್ಲಿಬಿಡಿ.